ಗೃಹಪ್ರವೇಶದ ಫೋಟೋದ ಕಣ್ಣುಗಳು

ಮೊದಲು ಎರಡಾಗಿದ್ದು ಸೂಜಿ. ಒಂದು ಬೆಳಿಗ್ಗೆ ಮಷಿನ್ ಮುಂದೆ ಕೂತು ದಾರ ಪೋಣಿಸಲು ಬಗ್ಗಿದರೆ ಸೂಜಿಯ ಪಕ್ಕದಲ್ಲಿ ಇನ್ನೊಂದು ಸೂಜಿ, ಸ್ವಲ್ಪ ಮೇಲೆ, ಸ್ವಲ್ಪ ಬಲಕ್ಕೆ. ಎರಡೂ ಹೊಳೆಯುತ್ತಿದ್ದವು. ನಾನೇನು ಗಾಬರಿಯಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಮಜಾ ಅನ್ನಿಸಿತು. ಬಲಗಣ್ಣು ಮುಚ್ಚಿದೆ, ಒಂದು ಸೂಜಿ ಹೋಯಿತು. ಎಡಗಣ್ಣು ಮುಚ್ಚಿದೆ, ಅದು ಬಂದು ಇನ್ನೊಂದು ಹೋಯಿತು. ಎರಡೂ ತೆರೆದೆ, ಎರಡೂ ವಾಪಸ್ ಬಂದವು. ಮುಂದೆ ಹೊಲಿಯಬೇಕಾದ ರವಿಕೆ ಬಿದ್ದಿದ್ದರೂ ಹತ್ತು ನಿಮಿಷ ಇದೇ ಆಟ ಆಡಿದೆ.

ನನ್ನ ಗಂಡ ನಮ್ಮೂರ ಪಕ್ಕದ ಕರೂರಿನ ಕಾರ್ಖಾನೆಯಲ್ಲಿ ಲೇಥ್ ನಡೆಸುವವನು. ಡ್ಯೂಟಿಗೆ ಹೊರಟವನು ಬಾಗಿಲಲ್ಲಿ ನಿಂತು ನೋಡಿ ನಕ್ಕ.

"ಥೇಟ್ ನಿಮ್ಮವ್ವ ಟಿವಿ ನೋಡ್ದಂಗೆ ನೋಡ್ತಾ ಇದೀಯಲ್ಲೇ!"

ನಿಜವೇ. ಅವ್ವ ಹರಿಹರದಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಟಿವಿ ಮುಂದೆ ಕೂತರೆ ಸೆರಗಿನ ತುದಿಯನ್ನು ಒಂದು ಕಣ್ಣಿಗೆ ಒತ್ತಿ ಹಿಡಿದೇ ನೋಡುವುದು. ಅಣ್ಣನ ಮಕ್ಕಳು ಅವಳ ಹಿಂದೆ ಸಾಲಾಗಿ ಕೂತು, ಟವೆಲ್ಲು ಕಣ್ಣಿಗೆ ಹಿಡಿದು ಅಣಕಿಸುತ್ತಿದ್ದವು. ಯಾಕವ್ವ ಹಿಂಗೆ ಅಂದರೆ, "ಹಿಂಗೆ ನೋಡಿದ್ರೆ ಚಲೋ ಕಾಣ್ತದೆ, ನಿಂಗೇನು ಕಷ್ಟ?" ಅನ್ನುವಳು. ಅವಳದು ಮೊದಲಿಂದಲೂ ದೊಡ್ಡ ಕಣ್ಣು. ನಾವು ಶಾಲೆಗೆ ಹೋಗುವ ಕಾಲದಲ್ಲಿ ಓಣಿಯ ಹುಡುಗರು ಅವಳು ಕಣ್ಣು ಬಿಟ್ಟರೆ ಸಾಕು, ಚೆಂಡು ಬಿಟ್ಟು ಓಡುತ್ತಿದ್ದರು. ಅವಳ ಸಿಟ್ಟೂ ಕಣ್ಣಿನಷ್ಟೇ ದೊಡ್ಡದು. ಕಣ್ಣು ನನಗೆ ಬರಲಿಲ್ಲ, ಸಿಟ್ಟು ಬಂತು.

ನಾನು ಹೊಲಿಯುವ ಮಷಿನ್ ಕೂಡ ಅವಳದೇ. ಒಂದು ಕಾಲಕ್ಕೆ ಓಣಿಯ ಎಲ್ಲ ಹೆಂಗಸರ ರವಿಕೆಯೂ ಅವಳ ಕೈಯಿಂದಲೇ ಆಗಬೇಕಿತ್ತು. ನನ್ನ ಮದುವೆಯ ರವಿಕೆ ಅವಳು ಹೊಲಿದ ಕೊನೆಯದು. "ಮಗಳು ಹೋದ ಮೇಲೆ ಮಷಿನ್ ತುಳಿಯಾಕೆ ಮನಸಿಲ್ಲ, ನೀನೇ ತಗಂಡು ಹೋಗು" ಅಂದು ಅದನ್ನು ಲಗೇಜ್ ಆಟೋಕ್ಕೆ ಏರಿಸಿಬಿಟ್ಟಳು. ಆ ರವಿಕೆಯ ಗುಟ್ಟೊಂದಿದೆ. ಎಡತೋಳಿನ ಹೊಲಿಗೆ ಡೊಂಕಾಗಿತ್ತು. ಡೊಂಕು ಅಂದರೆ ಹೊಸದಾಗಿ ಕಲಿಯುವವರೂ ನಾಚಬೇಕು. ಮದುವೆಗೆ ಮೂರೇ ದಿನ ಇತ್ತು. ಅವ್ವನಿಗೆ ಹೇಳಿದರೆ ಬೇಜಾರು ಮಾಡಿಕೊಂಡಾಳು ಅಂತ, ಅವಳು ಪೇಟೆಗೆ ಹೋದ ಹೊತ್ತು ನೋಡಿ ಬಿಚ್ಚಿ ನಾನೇ ಮತ್ತೆ ಹೊಲಿದೆ. ಅವಳಿಗೆ ಗೊತ್ತಾಗಲಿಲ್ಲ. ಮಂಟಪದಲ್ಲಿ ನನ್ನ ತೋಳು ಸವರಿ, "ಹೆಂಗೆ ಕೂತೈತೆ ನೋಡು!" ಅಂದಿದ್ದಳು.

ಸೂಜಿ ಎರಡಾಗಿದ್ದನ್ನು ನಾನು ಚಾಳೀಸು ಅಂದುಕೊಂಡೆ. ನಲವತ್ತು ದಾಟಿದವಳು, ಇನ್ನೇನು ಅಂದುಕೊಳ್ಳಲಿ? ಆದರೆ ಗಿರಾಕಿಗಳು ಬೇರೆಯದನ್ನೇ ಕೇಳತೊಡಗಿದರು. "ಯಾಕ್ರಿ ಅಕ್ಕಾರೆ, ಹಂಗೆ ಗುರಾಯಿಸ್ತೀರಿ?" ನಾನು ಗುರಾಯಿಸುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಕನ್ನಡಿ ಮುಂದೆ ನಿಂತರೆ ನಿಜ, ಕಪ್ಪು ಗುಡ್ಡೆಯ ಮೇಲುಗಡೆಯೂ ಬಿಳಿ ಕಾಣುತ್ತಿತ್ತು. ಯಾರೋ ಹಿಂದಿನಿಂದ ಬಂದು ಹೆದರಿಸಿದ ಮೇಲೆ ಮುಖ ಹಂಗೇ ನಿಂತುಬಿಟ್ಟಿದೆಯೇನೋ ಅನ್ನಿಸಿತು. ರೆಪ್ಪೆ ಮುಚ್ಚಲು ಹೋದೆ, ಸುಲಭಕ್ಕೆ ಮುಚ್ಚಲಿಲ್ಲ. ಪಕ್ಕದ ಮನೆಯಾಕೆ ದೃಷ್ಟಿ ಅಂದಳು, ಮೆಣಸಿನಕಾಯಿ ಉಪ್ಪು ಇಳಿ ತೆಗೆದು ಒಲೆಗೆ ಹಾಕಿದಳು. ಮನೆತುಂಬ ಘಾಟು ಹಿಡಿದು ಕೆಮ್ಮಿದೆವು. ಕಣ್ಣಿನಲ್ಲಿ ನೀರು ಬಂತು, ಉಬ್ಬು ಇಳಿಯಲಿಲ್ಲ.

ಕಣ್ಣಿನ ಡಾಕ್ಟರಮ್ಮ ನನ್ನ ಕಣ್ಣು ನೋಡುವ ಮೊದಲು ಕೈ ನೋಡಿದರು. "ಎರಡೂ ಕೈ ಮುಂದೆ ಚಾಚಿ" ಅಂದರು. ಬೆರಳು ಸಣ್ಣಗೆ ನಡುಗುತ್ತಿತ್ತು. ತೂಕ ಇಳಿದಿದೆಯಾ, ನಿದ್ದೆ ಬರುತ್ತದಾ, ಎದೆ ಹೊಡೆದುಕೊಳ್ಳುತ್ತದಾ, ಸಿಟ್ಟು ಜಾಸ್ತಿ ಆಗಿದೆಯಾ ಅಂತ ಕೇಳಿದರು. ಸಿಟ್ಟಿನ ಪ್ರಶ್ನೆಗೆ ನನ್ನ ಗಂಡನೇ ಉತ್ತರ ಕೊಟ್ಟ. ರಕ್ತ ಪರೀಕ್ಷೆ ಬಂತು, ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದೆ ಅಂತಾಯಿತು. ಸಿಟ್ಟಿಗೂ ಅದೇ ಕಾರಣ ಇರಬಹುದು ಅಂದಾಗ ಈ ಮನುಷ್ಯನ ಮುಖ ಅರಳಿತು ನೋಡಿ.

"ಹಂಗಾದ್ರೆ ಇದಕ್ಕೆ ಗುಳಿಗಿ ಐತೇನ್ರಿ ಮೇಡಂ?"

"ಥೈರಾಯ್ಡಿನ ಸಿಟ್ಟಿಗೆ ಇದೆ. ಹುಟ್ಟಿನ ಸಿಟ್ಟಿಗೆ ಇಲ್ಲ" ಅಂದರು ಡಾಕ್ಟರಮ್ಮ.

ಥೈರಾಯ್ಡ್ ಇರುವುದು ಗಂಟಲಲ್ಲಿ, ಉಬ್ಬಿರುವುದು ಕಣ್ಣು, ಇದು ಹೆಂಗೆ ಅಂತ ಕೇಳಿದೆ. ಮೈಯನ್ನು ಕಾಯುವ ಶಕ್ತಿಯೇ ದಾರಿ ತಪ್ಪಿ ಗಂಟಲ ಗ್ರಂಥಿಯ ಮೇಲೂ ಕಣ್ಣಿನ ಹಿಂದಿನ ಮಾಂಸದ ಮೇಲೂ ಬೀಳುತ್ತದಂತೆ. ಕಾವಲು ನಾಯಿ ಮನೆಯವರನ್ನೇ ಕಚ್ಚಿದ ಹಾಗೆ, ಅಂದರು. ಆ ಮಾಂಸ ಊದಿ ಕಣ್ಣನ್ನು ಮುಂದಕ್ಕೆ ತಳ್ಳುತ್ತದೆ. ಎರಡು ಕಣ್ಣೂ ಒಂದೇ ಕಡೆ ತಿರುಗಲು ಆಗದೆ ಸೂಜಿ ಎರಡಾಗುತ್ತದೆ. ಒಂದಷ್ಟು ಕಾಲ ಒಳಗೆ ಬೆಂಕಿ ಉರಿಯುತ್ತದೆ, ಆಮೇಲೆ ತಾನೇ ಆರುತ್ತದೆ, ಆದರೆ ಸುಟ್ಟ ಗಾಯ ಉಳಿಯುತ್ತದೆ. ಉರಿಯುವಾಗಲೇ ಹಿಡಿಯಬೇಕು. ಮನೆಯಲ್ಲಿ ಬೀಡಿ ಸಿಗರೇಟು ಯಾರಾದರೂ ಸೇದುತ್ತಾರಾ, ಆ ಹೊಗೆ ಈ ಕಣ್ಣಿಗೆ ವಿಷ, ಅಂತಲೂ ಕೇಳಿದರು. ಈಗ ಗಂಡ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದ. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಗರೇಟು ಪ್ಯಾಕು ನನ್ನ ಕೈಗೆ ಕೊಟ್ಟ. ಆಮೇಲೆ ನಾಲ್ಕು ಸಲ ಮತ್ತೆ ಕೊಟ್ಟಿದ್ದಾನೆ, ಆ ಮಾತು ಬೇರೆ.

ಕಾಯಿಲೆಗೆ ಮೊದಲು ಕಣ್ಣು ಹೇಗಿತ್ತು ಅಂತ ಹಳೆಯ ಫೋಟೋ ತೋರಿಸಿ ಅಂದರು. ನಾನು ಫೋನು ತೆಗೆದೆ. ಡಾಕ್ಟರಮ್ಮ ನಾಲ್ಕು ಸೆಲ್ಫಿ ನೋಡಿ ನಕ್ಕುಬಿಟ್ಟರು. "ಇದು ನಿಮ್ಮ ಕಣ್ಣಲ್ಲಮ್ಮ, ಫೋನಿನ ಕಣ್ಣು." ನಮ್ಮ ಫೋನು ತಾನೇ ಮುಖ ಬೆಳ್ಳಗೆ ಮಾಡಿ ಕಣ್ಣು ಅಗಲ ಮಾಡುತ್ತದಂತೆ. ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಆ ಪಾಠ ಅಲ್ಲಿಯೇ ತಲೆಗೆ ಹೋಗಿದ್ದರೆ ಮುಂದಿನ ಫಜೀತಿ ಆಗುತ್ತಿರಲಿಲ್ಲ.

ವಾರಕ್ಕೊಂದು ದಿನ ಡ್ರಿಪ್ಪಿನಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಶುರುವಾಯಿತು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವುದು. ಬಾಯಿ ಕಹಿ, ಮುಖ ಊದಿತು, ಹಸಿವು ಮಾತ್ರ ರಾಕ್ಷಸಿಯಂಥದ್ದು. ಒಂದು ಸೇರು ಮಂಡಕ್ಕಿ ಒಬ್ಬಳೇ ತಿಂದು ಮುಗಿಸುತ್ತಿದ್ದೆ. ಉರಿ ಕಡಿಮೆಯಾಯಿತು, ರೆಪ್ಪೆ ಸ್ವಲ್ಪ ಇಳಿಯಿತು. ಎಡಗಣ್ಣಿಗೆ ಹತ್ತಿ ಅಂಟಿಸಿಕೊಂಡು ರವಿಕೆಗಳನ್ನು ಹೆಂಗೋ ಹೊಲಿದುಕೊಡುತ್ತಿದ್ದೆ. ಆರನೆಯ ವಾರವಿರಬೇಕು, ಗಿರಾಕಿಯೊಬ್ಬಳು ಬಂದು ರವಿಕೆಯನ್ನು ಮೇಜಿನ ಮೇಲೆ ಒಗೆದಳು.

"ಕುಂಕುಮ ಬಣ್ಣದ ರವಿಕೆಗೆ ಇದೇನ್ರಿ ಕಂದು ದಾರ? ಕಣ್ಣು ಎಲ್ಲಿಟ್ಟಿದ್ರಿ?"

"ಇಪ್ಪತ್ತು ವರ್ಷದಿಂದ ದಾರ ಕೂಡಿಸ್ತಾ ಇದೀನಿ, ನನಗೇ ಬಣ್ಣ ಹೇಳಿಕೊಡ್ತೀಯೇನೇ?" ಅಂದು ಹಾರಾಡಿದೆ. ಅವಳು ಹೋದ ಮೇಲೆ ರೀಲು ಹಿಡಿದು ಬಾಗಿಲ ಬೆಳಕಿಗೆ ಬಂದೆ. ಬಣ್ಣ ಕೂಡಿಸುವುದಿದ್ದರೆ ನಾವು ಬಲ್ಬಿನ ಕೆಳಗೆ ನೋಡುವುದಿಲ್ಲ, ಹೊಸ್ತಿಲಲ್ಲಿ ನಿಂತು ಬಿಸಿಲಿಗೆ ಹಿಡಿದು ನೋಡುತ್ತೇವೆ, ಅದು ಅವ್ವ ಕಲಿಸಿದ್ದು. ಎಡಗಣ್ಣಿಂದ ನೋಡಿದರೆ ಕಂದು, ಅವಳ ಮಾತು ಖರೇ. ಬಲಗಣ್ಣಿಂದ ನೋಡಿದರೂ ಕಂದು. ಪೆಟ್ಟಿಗೆಯಿಂದ ನಿಜವಾದ ಕುಂಕುಮ ಬಣ್ಣದ ರೀಲು ತೆಗೆದೆ. ಎಡಗಣ್ಣಿಗೆ ಅದು ಝಗ್ಗನೆ ಕೆಂಪು, ಬಲಗಣ್ಣಿಗೆ ನೆನೆದ ಇಟ್ಟಿಗೆ. ಹಸಿರು ತೆಗೆದೆ, ನೀಲಿ ತೆಗೆದೆ, ಹಳದಿ ತೆಗೆದೆ. ಎಲ್ಲಕ್ಕಿಂತ ಕೆಂಪೇ ಹೆಚ್ಚು ಬಾಡಿತ್ತು. ಯಾಕೆ ಕೆಂಪೇ? ಹತ್ತು ರೀಲು ಚೀಲದಲ್ಲಿ ಹಾಕಿಕೊಂಡು ಮರುದಿನವೇ ಡಾಕ್ಟರಮ್ಮನ ಮುಂದೆ ಸುರಿದೆ.

ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ರೀಲು ಒಂದೊಂದೇ ಹಿಡಿದು ತೋರಿಸಿ ಕೇಳಿದರು, ಸ್ಕ್ಯಾನ್ ಮಾಡಿಸಿದರು. ಊದಿದ ಮಾಂಸ ಬಲಗಣ್ಣಿನ ನರವನ್ನು ಒತ್ತುತ್ತಿದೆ, ಒತ್ತಿದರೆ ಮೊದಲು ಸಾಯುವುದು ಕೆಂಪು, ಆಮೇಲೆ ನೋಟ, ಅಂದರು. ಕಣ್ಣಿನ ಗೂಡಿನ ಮೂಳೆಗೋಡೆಯನ್ನು ಅಷ್ಟು ತೆಗೆದು ಜಾಗ ಮಾಡಬೇಕು, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಬೇಕು. "ಡೋಸ್ ಹೆಚ್ಚು ಮಾಡಿ ಎರಡು ವಾರ ಹಿಡಿದಿಡ್ತೀನಿ. ಅದಕ್ಕಿಂತ ಜಾಸ್ತಿ ಕಾಯಬೇಡಿ. ಹೋದ ನೋಟ ವಾಪಸ್ ಬರಲ್ಲ." ನಾನು ರೀಲುಗಳನ್ನು ಚೀಲಕ್ಕೆ ತುಂಬಿಕೊಂಡೆ. ಆವತ್ತು ಮೊದಲ ಸಲ ಹೆದರಿದೆ. ಟೈಲರಿಗೆ ಕಣ್ಣು ಹೋದರೆ ಉಳಿಯುವುದೇನು?

ಆಪರೇಷನ್ ಖರ್ಚು ನಮ್ಮ ಕೈಗೆ ನಿಲುಕುವಂಥದ್ದಲ್ಲ. ಇದ್ದದ್ದು ಒಂದು ಆರೋಗ್ಯ ಪಾಲಿಸಿ. ನಾಲ್ಕು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶಕ್ಕೆ ಬಂದಿದ್ದ ನಮ್ಮ ಓಣಿಯ ಏಜೆಂಟ್ ಬೆನ್ನು ಬಿಡದೆ ಓಡಾಡಿ, ಆ ಮೇಲಿನ ವರ್ಷ ಮಾಡಿಸಿದ ಪಾಲಿಸಿ. ಮೊದಲೇ ಇದ್ದ ಕಾಯಿಲೆಯಾದರೆ ಮೂರು ವರ್ಷ ತುಂಬುವವರೆಗೆ ದುಡ್ಡಿಲ್ಲ ಅಂತ ಅದರಲ್ಲಿ ಬರೆದಿತ್ತು. ಮೂರು ತುಂಬಲು ಇನ್ನೂ ಐದು ತಿಂಗಳಿತ್ತು. ನನಗೆ ಮೊದಲೇ ಏನೂ ಇರಲಿಲ್ಲವಲ್ಲ, ಹೆದರಿಕೆ ಯಾಕೆ ಅಂದುಕೊಂಡೆ. ಏಜೆಂಟ್ ಕಾಗದ ಕಳಿಸಿದ. ಅವರ ಮೊದಲ ಪ್ರಶ್ನೆ ಬಂತು. ಇದು ಚೆಂದಕ್ಕೆ ಮಾಡಿಸುವ ಆಪರೇಷನ್ ಅಲ್ಲವೇ?

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ, ಹಂಗಾತು ಇದು. ಕುರುಡಿ ಆಗ್ತೀನಿ ಅಂದ್ರೆ ಚೆಂದ ಅಂತಾರಲ್ಲೋ!" ಅಂತ ಏಜೆಂಟನ ಮೇಲೆ ಹರಿಹಾಯ್ದೆ.

"ಅಕ್ಕ, ನನ್ ಮ್ಯಾಲೆ ಯಾಕ? ನಾನು ಟಪಾಲು ಪೆಟ್ಟಿಗೆ ಅಷ್ಟೆ. ಡಾಕ್ಟರ್ ಕಡಿಂದ ಲೆಟರ್ ತರ್ರಿ" ಅಂದ ಪಾಪ.

ಡಾಕ್ಟರಮ್ಮ ನರದ ಸ್ಕ್ಯಾನು, ನೋಟದ ನಕ್ಷೆ, ಬಣ್ಣದ ಪರೀಕ್ಷೆ ಎಲ್ಲ ಲಗತ್ತಿಸಿ ಬರೆದುಕೊಟ್ಟರು. ಎರಡನೆಯ ಪ್ರಶ್ನೆ ಬಂತು. ಪಾಲಿಸಿಗಿಂತ ಮೊದಲು ಈ ತೊಂದರೆ ಇರಲಿಲ್ಲ ಅನ್ನುವುದಕ್ಕೆ ಆ ಕಾಲದ ಫೋಟೋ ಇದ್ದರೆ ಕಳಿಸಿ. ನನಗೆ ಖುಷಿಯೋ ಖುಷಿ. ಯಾಕೆಂದರೆ ನಡುಮನೆಯ ಗೋಡೆಯ ಮೇಲೆಯೇ ಇತ್ತು, ದೊಡ್ಡ ಕಟ್ಟಿನ ಫೋಟೋ. ಗೃಹಪ್ರವೇಶದ ದಿನ ನಾನು, ಗಂಡ, ಪಕ್ಕದಲ್ಲಿ ಅವ್ವ. ಕೆಳಗೆ ತಾರೀಖು ಅಚ್ಚಾಗಿತ್ತು. ಅದರಲ್ಲಿ ನಾನು ಎಷ್ಟು ಚೆಂದ ಕಾಣುತ್ತೇನೆ ಅಂದರೆ, ಬಂದವರಿಗೆಲ್ಲ ನೀರು ಕೊಡುವ ಮೊದಲೇ ತೋರಿಸುತ್ತಿದ್ದೆ. ಡಾಕ್ಟರಮ್ಮನಿಗೆ ಒಂದು ಸಲ ತೋರಿಸಿ ಕಳಿಸೋಣ ಅನ್ನುವ ತಾಳ್ಮೆಯೂ ಇಲ್ಲದೆ ಏಜೆಂಟನ ಕೈಲಿ ಅದರ ಪ್ರತಿ ಕೊಟ್ಟೆ.

ನಾಲ್ಕನೆಯ ದಿನ ಉತ್ತರ ಬಂತು. ಏಜೆಂಟ್ ಬಾಗಿಲಲ್ಲೇ ನಿಂತ. ಒಳಗೆ ಬಾರೋ ಅಂದರೂ ಬರಲಿಲ್ಲ. "ಆಗಲ್ಲ ಅಂದವ್ರೆ ಅಕ್ಕ. ಅವರ ಡಾಕ್ಟರ್ ಫೋಟೋ ನೋಡ್ಯಾನೆ. ಪಾಲಿಸಿ ಮಾಡ್ಸಾಕಿಂತ ಮೊದ್ಲೇ ಈಯಮ್ಮನ ಕಣ್ಣು ಉಬ್ಬಿತ್ತು, ಮೇಲಿನ ರೆಪ್ಪಿ ಮ್ಯಾಲೆ ಹೋಗಿತ್ತು, ಫೋಟೋದಾಗೇ ಕಾಣ್ತದೆ ಅಂತ ಬರ್ದಾನೆ."

ನಾನು ಏನೇನು ಬೈದೆನೋ ಇಲ್ಲಿ ಬರೆಯುವ ಹಾಗಿಲ್ಲ. ಗಂಡ ಮೆತ್ತಗೆ ಕುಕ್ಕುವಾಡದ ಹೊಲದ ಮಾತು ತೆಗೆದ. ಅದು ಅವನ ಅಪ್ಪನಿಂದ ಬಂದ ಪಾಲು, ಮಾರಲು ಮನಸ್ಸಿಲ್ಲ ಅಂತ ಅವನ ಮುಖವೇ ಹೇಳುತ್ತಿತ್ತು. ಆಪರೇಷನ್ನಿಗೆ ಡಾಕ್ಟರಮ್ಮ ಕೊಟ್ಟ ಎರಡು ವಾರದಲ್ಲಿ ಆರು ದಿನ ಉಳಿದಿದ್ದವು. ಹೊಲ ಆರು ದಿನದಲ್ಲಿ ಮಾರಾಟವಾಗುತ್ತದೆಯೇ?

ಬೈದು ಸುಸ್ತಾದ ಮೇಲೆ ಸ್ಟೂಲು ಹಾಕಿ ಆ ಫೋಟೋ ಕೆಳಗಿಳಿಸಿದೆ. ಅವನು ಯಾವ ಬಾಯಿಂದ ಹಂಗೆ ಬರೆದ ನೋಡೋಣ ಅಂತ. ಬಾಗಿಲ ಬೆಳಕಿಗೆ ಹಿಡಿದೆ, ದಾರ ನೋಡುವ ಹಾಗೆ. ಎಡಗಣ್ಣಿಂದ, ಭೂತಗನ್ನಡಿ ಇಟ್ಟು ನೋಡಿದೆ. ಅವನು ಬರೆದಿದ್ದು ಸುಳ್ಳಲ್ಲ. ಕಪ್ಪು ಗುಡ್ಡೆಯ ಮೇಲೆ ಬಿಳಿ ಕಾಣುತ್ತಿತ್ತು. ಹಾಗಾದರೆ ನಾಲ್ಕು ವರ್ಷದ ಹಿಂದೆಯೇ ನನಗೆ ಕಾಯಿಲೆ ಇತ್ತೇ? ನಾನು ಚೆಂದ ಅಂದುಕೊಂಡಿದ್ದು ಕಾಯಿಲೆಯನ್ನೇ? ಅಷ್ಟರಲ್ಲಿ ಇನ್ನೊಂದು ಕಂಡಿತು. ನನ್ನ ಎಡಹುಬ್ಬಿನ ಕೆಳಗೆ ರೆಪ್ಪೆಯ ಮೇಲೆ ಚಿಕ್ಕಂದಿನ ಒಂದು ಗಾಯದ ಗುರುತಿದೆ. ಫೋಟೋದಲ್ಲಿ ಅದಿರಲಿಲ್ಲ. ಗುರುತು ಎಲ್ಲಿ ಹೋಯಿತು? ಸಿಟ್ಟೆಲ್ಲ ಇಳಿದು ತಲೆಯಲ್ಲಿ ಒಂದೇ ಪ್ರಶ್ನೆ ನಿಂತಿತು. ಇವು ನನ್ನ ಕಣ್ಣಲ್ಲ, ಹಾಗಾದರೆ ಯಾರವು?

ಫೋಟೋ ತೆಗೆದವನದು ಹರಿಹರದಲ್ಲಿ ಸ್ಟುಡಿಯೋ, ನನ್ನ ತವರಿನ ಓಣಿಯ ತಿರುವಿನಲ್ಲೇ. ಫೋಟೋವನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕಿಟಕಿಯಾಚೆ ಮೆಕ್ಕೆಜೋಳದ ಲಾರಿಗಳೆಲ್ಲ ಜೋಡಿ ಜೋಡಿಯಾಗಿ ಎದುರಿಗೆ ಬರುತ್ತಿದ್ದವು, ನಾನು ಒಂದು ಕಣ್ಣು ಮುಚ್ಚಿ ಅರ್ಧದಷ್ಟನ್ನು ಅಳಿಸಿ ಹಾಕಿದೆ. ಸ್ಟುಡಿಯೋದವನು ಫೋಟೋ ನೋಡಿದ್ದೇ ಹೆಮ್ಮೆಯಿಂದ ಬೀಗಿದ.

"ಚಲೋ ಬಂದೈತಲ್ಲಕ್ಕ! ಹೋಮದ ಹೊಗೆ, ಅವತ್ತು ಒಂದು ಫೋಟೋದಾಗೂ ನೀವು ಕಣ್ಣು ತೆಗ್ದಿರಲಿಲ್ಲ. ಹೊಸಾ ಮನಿ ಆಲ್ಬಂನಾಗೆ ಕಣ್ಮುಚ್ಚಿದ ಫೋಟೋ ಹಾಕಿದ್ರೆ ಜನ ಬಿಡ್ತಾರೇನ್ರಿ? ಹೆಣದ ಫೋಟೋ ಇದ್ದಂಗೈತೆ, ಅಪಶಕುನ ಅಂತಾರೆ. ಅದಕ್ಕೆ ನಾವೇ ತೆರೀತೀವಿ. ಎಲ್ಲಾರಿಗೂ ಮಾಡ್ತೀವಿ."

"ತೆರೆಯಾಕೆ ಕಣ್ಣು ಎಲ್ಲಿಂದ ತಂದ್ಯೋ?"

"ಪಕ್ಕದಾಗೇ ನಿಮ್ಮ ಅಮ್ಮಾರು ಇದ್ರಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಮುಖದ ಕಟ್ಟು ಒಂದೇ, ಬೆಳಕೂ ಒಂದೇ. ಅವರ ಕಣ್ಣು ಎತ್ತಿ ನಿಮಗೆ ಇಟ್ಟೆ, ಸುಕ್ಕು ಅಳಿಸಿದೆ. ಅಳತಿ ಹಾಕಿ ಹೊಲ್ದಂಗೆ ಕೂತ್ಕಂತು!"

ಅವನ ಕೆನ್ನೆಗೆ ಬಾರಿಸಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಬಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟೆ. ನಾಲ್ಕು ವರ್ಷ ಅವ್ವನ ಕಣ್ಣು ತೋರಿಸಿ ನನ್ನ ಚೆಂದ ಹೊಗಳಿಸಿಕೊಂಡಿದ್ದೇನೆ. ಮಾಡಿದ್ದುಣ್ಣೋ ಮಹಾರಾಯ. ವಿಷಯ ಕೇಳಿ ಅವನ ಮುಖ ಬಿಳಿಚಿತು. ಪಾಪ, ಹಳೆಯ ಡಿಸ್ಕುಗಳನ್ನೆಲ್ಲ ಹರವಿಕೊಂಡು ಕೂತು, ಅವತ್ತಿನ ತಿದ್ದದ ಫೋಟೋಗಳನ್ನು ಮಧ್ಯಾಹ್ನದ ಹೊತ್ತಿಗೆ ಹುಡುಕಿದ. ಇಪ್ಪತ್ತಕ್ಕೆ ಹತ್ತೊಂಬತ್ತರಲ್ಲಿ ನಾನು ಕಣ್ಣು ಮುಚ್ಚಿದ್ದೆ. ಒಂದರಲ್ಲಿ ಮಾತ್ರ, ಅಡುಗೆ ಬಡಿಸುವವರ ಕಡೆ ತಿರುಗಿ ಏನೋ ಗದರುತ್ತಿದ್ದೆ, ಬಾಯಿ ವಕ್ರ, ಕಣ್ಣು ಅರ್ಧ ತೆರೆದಿತ್ತು. ಸಣ್ಣ ಕಣ್ಣು, ಇಳಿದ ರೆಪ್ಪೆ, ರೆಪ್ಪೆಯ ಮೇಲೆ ಗಾಯದ ಗುರುತು. ಅಷ್ಟು ಕೆಟ್ಟ ಫೋಟೋವನ್ನು ನಾನು ಎದೆಗೆ ಒತ್ತಿ ಹಿಡಿದಿದ್ದು ಅದೇ ಮೊದಲು. ಅವನು ತಾನು ಮಾಡಿದ್ದನ್ನೆಲ್ಲ ಬರೆದು, ಸಹಿ ಹಾಕಿ, ಸ್ಟುಡಿಯೋದ ಸೀಲು ಒತ್ತಿಕೊಟ್ಟ.

ಈ ಸಲ ನೇರ ಡಾಕ್ಟರಮ್ಮನ ಹತ್ತಿರ ಹೋದೆ. ಎರಡೂ ಫೋಟೋ ಮೇಜಿನ ಮೇಲಿಟ್ಟು ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೀರು ಬರುವ ಹಾಗೆ ನಕ್ಕರು. ಆಮೇಲೆ ಗೃಹಪ್ರವೇಶದ ಫೋಟೋವನ್ನೇ ಬಹಳ ಹೊತ್ತು ನೋಡಿದರು.

"ಅವರ ಡಾಕ್ಟರ್ ಜಾಣ. ತಪ್ಪೇನೂ ಹೇಳಿಲ್ಲ. ಈ ಕಣ್ಣಿಗೆ ಕಾಯಿಲೆ ಇರೋ ಹಾಗೇ ಕಾಣತ್ತೆ, ಹಳೇ ಕಾಯಿಲೆ. ಇವರನ್ನ ಯಾವಾಗ ಕರಕೊಂಡು ಬರ್ತೀರಿ?"

ಸೆರಗು ಒಂದು ಕಣ್ಣಿಗೆ ಒತ್ತಿ ಟಿವಿ ನೋಡುವ ಅವ್ವ, ಅವಳ ಹಿಂದೆ ಟವೆಲ್ಲು ಹಿಡಿದು ಕೂತ ಮಕ್ಕಳು, ಬಾಗಿಲಲ್ಲಿ ನಿಂತು ನಗುತ್ತಿದ್ದ ನಾನು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಾಗದ ಹೋಯಿತು. ಎರಡು ವಾರ ತುಂಬಲು ಎರಡು ದಿನ ಇರುವಾಗ ಒಪ್ಪಿಗೆ ಬಂತು. ಏಜೆಂಟ್ ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಅಡುಗೆಮನೆವರೆಗೂ ಬಂದು ಚಹಾ ಕುಡಿದು ಹೋದ. ಬೆಂಗಳೂರಿಗೆ ಹೋಗುವಾಗ ಕುಂಕುಮ ಬಣ್ಣದ ರೀಲು ಬ್ಯಾಗಿನಲ್ಲಿ ಇಟ್ಟುಕೊಂಡೆ. ಆಪರೇಷನ್ ಆಗಿ ಬಲಗಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಕೇಳಿದ್ದು ಅದನ್ನೇ. ಮೊದಲ ದಿನ ಇಟ್ಟಿಗೆ, ಎರಡನೆಯ ದಿನ ಗೇರುಹಣ್ಣು, ವಾರದ ಹೊತ್ತಿಗೆ ಕೆಂಪು. ಎಡಗಣ್ಣಿನಷ್ಟು ಕೆಂಪಲ್ಲ, ಆದರೆ ದಾರ ಕೂಡಿಸುವಷ್ಟು ಕೆಂಪು. ಸೂಜಿ ಇನ್ನೂ ಎರಡಿತ್ತು. ಅದಕ್ಕೆ ಪಟ್ಟಕದ ಗಾಜಿನ ಕನ್ನಡಕ ಕೊಟ್ಟರು. ಓರೆಯಾಗಿ ಕೊರೆದ ಗಾಜು, ಅದು ಬೆಳಕನ್ನು ಬಗ್ಗಿಸಿ ಎರಡನ್ನೂ ಒಂದರ ಮೇಲೊಂದು ತಂದು ಕೂರಿಸುತ್ತದೆ. ಆ ಗಾಜನ್ನು ತಿರುಗಿಸಿ ಮುರುಗಿಸಿ ಎಷ್ಟು ಸಲ ನೋಡಿದೆನೋ.

ಅವ್ವನನ್ನು ಡಾಕ್ಟರಮ್ಮನ ಹತ್ತಿರ ಕರೆತರಲು ಮತ್ತೆ ಒಂದು ತಿಂಗಳು ಬೇಕಾಯಿತು. "ನಂಗೇನಾಗೈತೆ? ಬ್ಯಾಡ" ಅನ್ನುವುದೇ. ಕೊನೆಗೆ ನನ್ನ ಕಣ್ಣು ತೋರಿಸಲು ಜೊತೆಗೆ ಬಾ ಅಂತ ಸುಳ್ಳು ಹೇಳಿ ಕರೆತಂದೆ.

"ಯಾವಾಗಿಂದ ಎರಡೆರಡು ಕಾಣತ್ತೆ ಅಮ್ಮ?" ಡಾಕ್ಟರಮ್ಮ ಸುತ್ತುಬಳಸದೆ ಕೇಳಿದರು.

ಅವ್ವ ನನ್ನ ಕಡೆ ನೋಡಿದಳು, ನೆಲ ನೋಡಿದಳು. "ಇವಳ ಮದುವಿ ಗೊತ್ತಾದ ವರ್ಷದಿಂದ. ಹೇಳಾಕೆ ಹೆದರ್ಕಿ. ಹುಡುಗಿ ತಾಯಿಗೆ ಏನೋ ಕಾಯಿಲಿ ಐತೆ ಅಂತ ಬೀಗರು ಹಿಂದಕ್ಕೆ ಸರಿದ್ರೆ? ಮೊದ್ಲೇ ಏನಾರ ಕಾಯಿಲಿ ಐತೇನು ಅಂತ ಕೇಳೋದ್ರಾಗೆ ಬೀಗರೇನು ನಿಮ್ಮ ಇನ್ಶೂರೆನ್ಸಿನೋರಿಗೆ ಕಮ್ಮಿನಾ?"

ಬೆಂಕಿ ಎಂದೋ ಆರಿದೆ, ಉಳಿದಿರುವುದು ಗಾಯ, ಔಷಧಿಯ ಕಾಲ ದಾಟಿದೆ ಅಂದರು ಡಾಕ್ಟರಮ್ಮ. ಆದರೆ ಪಟ್ಟಕದ ಗಾಜು ಆಗಬಹುದು. ಅಳತೆಯ ಚೌಕಟ್ಟು ಮೂಗಿನ ಮೇಲಿಟ್ಟು ಒಂದೊಂದೇ ಗಾಜು ಬದಲಿಸುತ್ತಾ ಹೋದರು. ನಾಲ್ಕನೆಯದೋ ಐದನೆಯದೋ ಗಾಜಿಗೆ ಅವ್ವ ತಟ್ಟನೆ ಕೈ ಎತ್ತಿ ತಡೆದಳು. ನನ್ನನ್ನೇ ನೋಡಿದಳು.

"ಒಬ್ಬಾಕೇ ಇದೀಯಲ್ಲೇ!"

ಕನ್ನಡಕ ಬಂದ ದಿನ ಅವಳನ್ನು ಸರಸ್ವತಿ ನಗರದ ನಮ್ಮ ಮನೆಗೆ ಕರೆತಂದೆ. ಅವಳು ಮಷಿನ್ ಮುಂದೆ ಕೂತಳು. ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸಿದಳು, ಬಿಚ್ಚಿ ಮತ್ತೆ ಪೋಣಿಸಿದಳು. ಆಮೇಲೆ, "ನಿನ್ನ ಮದುವಿ ಕುಬಸ ಐತೇನು? ತಾ ನೋಡಾಣ. ನನ್ನ ಕೈಯಾಗಿನ ಕಡೀದು ಅದು" ಅಂದಳು.

ತರಬಾರದಿತ್ತು. ಟ್ರಂಕಿನಿಂದ ತೆಗೆಯುವಾಗ ನನಗೆ ಆ ತೋಳಿನ ನೆನಪೇ ಬರಲಿಲ್ಲ. ಅವ್ವ ರವಿಕೆಯನ್ನು ತಿರುವಿ ಹಾಕಿ, ಬೆರಳಲ್ಲಿ ಹೊಲಿಗೆ ಸವರುತ್ತಾ ಬಂದಳು. ಎಡತೋಳಿಗೆ ಬಂದು ಬೆರಳು ನಿಂತಿತು.

"ಈ ಹೊಲಿಗಿ ನಂದಲ್ಲ."

"ನಂದು ಅವ್ವ. ಡೊಂಕು ಬಂದಿತ್ತು. ನಿಂಗೆ ಬೇಜಾರಾಗ್ತದೆ ಅಂತ ಬಿಚ್ಚಿ ಹೊಲ್ದೆ. ಹೇಳಲಿಲ್ಲ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಎರಡು ಸೂಜಿ ಕಾಣ್ತಿದ್ವು, ಅಂದಾಜಿನ ಮ್ಯಾಲೆ ಹೊಲ್ದಿದ್ದೆ" ಅಂದಳು ನಿಧಾನವಾಗಿ. "ಇದು ನೆಟ್ಟಗೆ ಬಂದಿದ್ರೆ ಕಣ್ಣಿಗೆ ಏನೂ ಆಗಿಲ್ಲ, ಡೊಂಕು ಬಂದಿದ್ರೆ ಮದುವಿ ಮುಗಿದ ಮ್ಯಾಲೆ ಡಾಕ್ಟರ್ ಹತ್ರ ಹೋಗಾಣ ಅಂತ ಮನಸಿನಾಗೆ ಅನ್ಕಂಡಿದ್ದೆ. ಮಂಟಪದಾಗೆ ನಿನ್ನ ತೋಳು ಮುಟ್ಟಿ ನೋಡಿದೆ. ನೆಟ್ಟಗಿತ್ತು."

ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅವ್ವ ನನ್ನ ಬೆನ್ನ ಮೇಲೊಂದು ಗುದ್ದಿದಳು. "ಅತ್ತು ಕಣ್ಣು ಕೆಡಿಸ್ಕಾಬ್ಯಾಡ, ಈಗಿನ್ನೂ ರಿಪೇರಿ ಮಾಡಿಸ್ಕಂಡು ಬಂದೀಯ. ಬ್ಲೇಡು ತಾ."

ತಂದುಕೊಟ್ಟೆ. ಅವಳು ನನ್ನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ ತೆಗೆದು, ತೋಳನ್ನು ಸೂಜಿಯ ಕೆಳಗಿಟ್ಟು, ಮಷಿನ್ ತುಳಿಯಲು ಶುರು ಮಾಡಿದಳು.